ಹಾಕುವ ಮುಂಚೆ ಒಂದು ಫೋನ್ ಮಾಡಿ: ಸುದ್ದಿಮನೆಗಳಿಗೆ ಮುಧೋಳದಿಂದ ಬಹಿರಂಗ ಪತ್ರ

ಕನ್ನಡದ ಸುದ್ದಿ ವಾಹಿನಿ, ಪತ್ರಿಕೆ, ಸುದ್ದಿ ಜಾಲತಾಣಗಳ ಸಂಪಾದಕರಿಗೆ,

ನಮಸ್ಕಾರ.

ನಾನು ಮುಧೋಳದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಘಟಪ್ರಭಾ ದಂಡೆಯಲ್ಲಿ ನಮ್ಮ ಮನೆತನದ ಸ್ವಲ್ಪ ಹೊಲ ಇದೆ, ಕಬ್ಬು ಹಾಕುತ್ತೇವೆ. ಪತ್ರಿಕೋದ್ಯಮ ಓದಿದವನಲ್ಲ, ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದವನೂ ಅಲ್ಲ. ಆದರೆ ನಾನು ತೆಗೆದ ಒಂದು ವಿಡಿಯೊ ಮೂರು ಮಳೆಗಾಲ ನಿಮ್ಮಲ್ಲಿ ಹಲವರ ಪರದೆ ಮೇಲೆ ಬಂದಿದೆ. ಒಂದು ಸಲವೂ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅದಕ್ಕೇ ಈ ಪತ್ರ.

ಆ ವಿಡಿಯೊ 52 ಸೆಕೆಂಡಿನದು. ತೆಗೆದದ್ದು 2019ರ ಆಗಸ್ಟ್‌ನಲ್ಲಿ. ಘಟಪ್ರಭಾಕ್ಕೆ ಕಟ್ಟಿದ ಹಿಡಕಲ್ ಜಲಾಶಯದಿಂದ ನೀರು ಬಿಡುತ್ತಿದ್ದರು. ಅದಕ್ಕೆ ಸೇರುವ ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆ ಎರಡೂ ತುಂಬಿ ಬಂದಿದ್ದವು. ಗೋಕಾಕದ ಎಷ್ಟೋ ಓಣಿಗಳು ನೀರಲ್ಲಿದ್ದವು. ನಮ್ಮ ಕಡೆ ಹೊಳೆ ಏರುತ್ತಿದೆ ಅಂದರೆ ಎಲ್ಲರೂ ಮೊದಲು ಮಾಡೋ ಕೆಲಸ ಒಂದೇ, ದಂಡೆ ಮೇಲಿನ ಮೋಟರ್ ಬಿಚ್ಚಿ ತರೋದು. ನಾನು, ನಮ್ಮ ಕಾಕಾ ಟ್ರ್ಯಾಕ್ಟರ್ ತಗೊಂಡು ಹೋಗಿದ್ದೆವು. ಮೋಟರ್ ಹೇರಿಕೊಂಡು ವಾಪಸ್ ಬರುವಾಗ ಯಾದವಾಡ ರಸ್ತೆಯ ಸೇತುವೆ ಹತ್ತಿರ ನಿಂತೆವು. ಸೇತುವೆ ಕಾಣುತ್ತಿರಲಿಲ್ಲ. ಅದರ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಎಡಗಡೆ ಒಂದು ಜಾಲಿ ಮರ, ಅದರ ಕೊಂಬೆಗೆ ಯಾರ ಮನೆಯದೋ ನೀಲಿ ಪ್ಲಾಸ್ಟಿಕ್ ಕೊಡ ಸಿಕ್ಕಿಕೊಂಡಿತ್ತು. ಅಷ್ಟೊತ್ತಿಗೆ ಮೇಲಿನಿಂದ ಒಂದು ಇಡೀ ಕಣಕಿ ಬಣವಿ, ಅಂದರೆ ಜೋಳದ ಒಣ ದಂಟಿನ ಮೆದೆ, ತೇಲಿಕೊಂಡು ಬಂತು. ಸೇತುವೆಗೆ ಬಡಿದು ಎರಡು ಹೋಳಾಯಿತು. ನಾನು ಫೋನ್ ಹಿಡಿದೇ ಇದ್ದೆ.

ಕೊನೆಗೆ ಕಾಕಾ ಮಾತಾಡಿದ. "ಯಾದವಾಡ ರಸ್ತಾ ಬಂದ್ ಆಗೇತಿ. ಯಾರೂ ಈ ಕಡೆ ಬರಬ್ಯಾಡ್ರಿ. ನಮ್ಮೂರಾಗ ಇನ್ನಾ ನೀರು ಹೊಕ್ಕಿಲ್ಲ. ಮಂದಿ ಅದಾರ, ದನಾ ಅದಾವ. ಯಾರೂ ಅಂಜಬ್ಯಾಡ್ರಿ."

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ 14 ಜನ ಇದ್ದರು. ಅದಕ್ಕೆ ಕಳಿಸಿದೆ. ಸಂಜೆ ಅದು ಟಿವಿಯಲ್ಲಿತ್ತು. 52 ಸೆಕೆಂಡ್ ಹೋಗಿ 31 ಆಗಿತ್ತು. ಕಾಕಾನ ಮಾತು ತೆಗೆದು ಅಲ್ಲಿ ಡೊಳ್ಳು ಬಡಿದ ಹಾಗೆ ಒಂದು ಸಂಗೀತ ಹಾಕಿದ್ದರು. ಕೆಳಗೆ ದೊಡ್ಡ ಅಕ್ಷರದಲ್ಲಿ ಮುಧೋಳವೇ ಮುಳುಗಿದೆ ಅಂತ ಬರುತ್ತಿತ್ತು. ಪುಣೆಯಲ್ಲಿ ಕೆಲಸಕ್ಕಿದ್ದ ಕಾಕಾನ ಮಗ ಅದನ್ನು ನೋಡಿ ಅಳುತ್ತ ಫೋನ್ ಮಾಡಿದ. ಗುಂಪಿನಲ್ಲಿ ಬಂದದ್ದನ್ನು ಕೆಲಸದ ಗಡಿಬಿಡಿಯಲ್ಲಿ ಅವನು ತೆರೆದಿರಲಿಲ್ಲ, ಟಿವಿಯದೇ ಮೊದಲು ಕಣ್ಣಿಗೆ ಬಿತ್ತು. ಅವನಿಗೆ ಬೇಕಾಗಿದ್ದ ಸುದ್ದಿ ನೀವು ಕತ್ತರಿಸಿ ಬಿಟ್ಟ ಆ 21 ಸೆಕೆಂಡಿನಲ್ಲೇ ಇತ್ತು.

ಆಗ ನನಗೆ ಸಿಟ್ಟು ಬರಲಿಲ್ಲ. ಆ ವಾರ ಎಲ್ಲರೂ ಗಾಬರಿಯಲ್ಲಿದ್ದರು, ನಿಮಗೂ ನೂರಾರು ವಿಡಿಯೊ ಬರುತ್ತಿದ್ದವು ಅಂತ ಸುಮ್ಮನಾದೆ.

2021ರ ಜುಲೈನಲ್ಲಿ ಮತ್ತೆ ಹೊಳೆ ಬಂತು. ಟಿವಿಯಲ್ಲಿ ಮತ್ತೆ ಅದೇ ವಿಡಿಯೊ. ಅದೇ ಬಣವಿ, ಅದೇ ನೀಲಿ ಕೊಡ. ಆ ಜಾಲಿ ಮರ ಅಷ್ಟೊತ್ತಿಗೆ ಬಿದ್ದು ಒಂದು ವರ್ಷವಾಗಿತ್ತು. ಮುಧೋಳದ ಯಾರಿಗೆ ತೋರಿಸಿದ್ದರೂ ಒಂದೇ ನೋಟಕ್ಕೆ ಹೇಳುತ್ತಿದ್ದರು, ಇದು ಹಳೇದು ಅಂತ.

2024ರದ್ದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಮಳೆ ಆಗಷ್ಟೇ ಹಿಡಿದಿತ್ತು. ದೊಡ್ಡ ನೀರು ಬಂದದ್ದು ಆಮೇಲೆ, ಜುಲೈ ಕೊನೆಗೆ. ಅವತ್ತು ಸೇತುವೆ ಒಣಗಿತ್ತು, ಬೈಕು, ಟಂಟಂ ಎಲ್ಲ ಓಡಾಡುತ್ತಿದ್ದವು. ಮಧ್ಯಾಹ್ನ ಅಂಗಡಿಗೆ ಬಂದ ಗಿರಾಕಿ ಒಬ್ಬ ಫೋನ್ ಮುಂದೆ ಹಿಡಿದ. "ಅಣ್ಣಾರ, ಯಾದವಾಡ ಬ್ರಿಡ್ಜ್ ಮುಳುಗೇತಂತ ನೋಡ್ರಿ." ನನ್ನದೇ ವಿಡಿಯೊ. ಮೂಲೆಯಲ್ಲಿ ಒಂದು ಸುದ್ದಿ ಜಾಲತಾಣದ ಮುದ್ರೆ, ಕೆಳಗೆ 'ಈಗಷ್ಟೇ ಬಂದ ದೃಶ್ಯ' ಅನ್ನೋ ಸಾಲು. ವಾಟ್ಸಾಪ್‌ನ ಎರಡು ಬಾಣದ ಗುರುತೂ ಇತ್ತು. ಅಂದರೆ ಕೈಯಿಂದ ಕೈಗೆ ಎಷ್ಟೋ ಸಲ ದಾಟಿ ಬಂದದ್ದು.

ಮರುದಿನ ಸಂಜೆ ಹೊಳೆಯ ಆಚೆ ಊರಿನ ಹುಡುಗನೊಬ್ಬ ಡಿಸ್‌ಪ್ಲೇ ಹಾಕಿಸಲು ಬಂದ. ಅವನ ತಂದೆಗೆ ವಾರಕ್ಕೆ ಎರಡು ಸಲ ಮುಧೋಳದಲ್ಲಿ ಡಯಾಲಿಸಿಸ್. ಹಿಂದಿನ ದಿನ ಇಬ್ಬರೂ ಹೊರಟಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ಆ ವಿಡಿಯೊ ತೋರಿಸಿದ್ದಾರೆ. ಸೇತುವೆ ಇಲ್ಲ ಅಂದಮೇಲೆ ಸುತ್ತು ಹಾಕಿ ಹೋಗುವ ಶಕ್ತಿ ಆ ಹಿರಿಯರಿಗಿಲ್ಲ. ಮನೆಗೆ ತಿರುಗಿ ಹೋಗಿದ್ದಾರೆ. ರಾತ್ರಿ ಕಾಲು ಬಾತು, ಉಸಿರು ಹಿಡಿದು, ನಡುರಾತ್ರಿ ಯಾರದೋ ಜೀಪಿನಲ್ಲಿ ಹಾಕಿಕೊಂಡು ಅದೇ ಸೇತುವೆ ಮೇಲೆ ಬಂದಿದ್ದಾರೆ. ಸೇತುವೆ ಒಣಗೇ ಇತ್ತು. ದೇವರ ದಯೆ, ಬದುಕಿಕೊಂಡರು.

ಆ ವಿಡಿಯೊ ನನ್ನದು ಅಂತ ಹುಡುಗನಿಗೆ ಹೇಳಿದೆ. ಹೇಳದೆ ಇರಲಾಗಲಿಲ್ಲ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ನೀವೇನ್ ಮಾಡೀರಿ ಅಣ್ಣಾರ, ನೀವು ಖರೇದ್ದ ತೆಗದೀರಿ" ಅಂದ.

ಹೌದು, ನಾನು ನಿಜವನ್ನೇ ತೆಗೆದಿದ್ದೆ. ನಿಜವಾದ ನೀರು, ನಿಜವಾದ ಸೇತುವೆ. ಐದು ವರ್ಷ ಆದಮೇಲೆ, ತಾರೀಕು ಇಲ್ಲದೆ, ಮಾತು ಇಲ್ಲದೆ ಅದೇ ನಿಜ ಸುಳ್ಳಾಯಿತು. ಕಾಣುತ್ತಿದ್ದ ದೃಶ್ಯವನ್ನು ಯಾರೂ ತಿದ್ದಿ ಬೇರೆ ಮಾಡಿರಲಿಲ್ಲ.

ಆ ಜಾಲತಾಣಕ್ಕೆ ಬರೆದೆ. ಉತ್ತರ ಬರಲಿಲ್ಲ. ಮೂರು ದಿನ ಬಿಟ್ಟು ನೋಡಿದರೆ ವಿಡಿಯೊ ಅಲ್ಲಿರಲಿಲ್ಲ. ತಪ್ಪಾಗಿದೆ ಅಂತ ಒಂದು ಸಾಲೂ ಇರಲಿಲ್ಲ. ಅದನ್ನು ನೋಡಿ ಮನೆಗೆ ತಿರುಗಿ ಹೋದವರಿಗೆ ಅದು ಸುಳ್ಳು ಅಂತ ಯಾವತ್ತೂ ಗೊತ್ತಾಗಲಿಲ್ಲ.

ನನ್ನ ಕಸುಬಿನವನಾಗಿ ಒಂದು ಮಾತು ಹೇಳುತ್ತೇನೆ, ನಿಮ್ಮ ಡೆಸ್ಕಿನಲ್ಲಿ ಕೂತ ಹುಡುಗರಿಗೆ ಉಪಯೋಗಕ್ಕೆ ಬರುತ್ತದೆ. ವಾಟ್ಸಾಪ್‌ನಲ್ಲಿ ಬಂದ ವಿಡಿಯೊ ಆಂಡ್ರಾಯ್ಡ್ ಫೋನಿನಲ್ಲಿ ಸೇವ್ ಆಗುವಾಗ ಅದಕ್ಕೊಂದು ಹೆಸರು ಸಿಗುತ್ತದೆ. ಆ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಇರುತ್ತವೆ. ಎಷ್ಟೋ ಜನ ಅದನ್ನೇ ವಿಡಿಯೊ ತೆಗೆದ ದಿನ ಅಂದುಕೊಳ್ಳುತ್ತಾರೆ. ಅದು ಆ ಫೋನಿಗೆ ಬಂದ ದಿನ. 2019ರ ವಿಡಿಯೊ ಇವತ್ತು ಬಂದರೆ ಹೆಸರಿನಲ್ಲಿ ಇವತ್ತಿನ ತಾರೀಕೇ ಬೀಳುತ್ತದೆ. ನಿಜವಾದ ತಾರೀಕು, ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಜಾಗವೂ, ಮೂಲ ಫೈಲಿನ ಒಳಗೆ ಇರುತ್ತವೆ. ವಾಟ್ಸಾಪ್ ವಿಡಿಯೊವನ್ನು ಹಿಂಡಿ ಸಣ್ಣದು ಮಾಡುವಾಗ ಆ ಮಾಹಿತಿ ಉದುರಿಹೋಗುತ್ತದೆ. ತೆಗೆದವರ ಫೋನಿನಿಂದ ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಹಾಗೇ ಉಳಿಯುತ್ತದೆ. ಅಂದರೆ ಮೊದಲು ತೆಗೆದವರು ಯಾರು ಅಂತ ಹುಡುಕಲೇಬೇಕು. ಹುಡುಕಿದರೆ ಸಿಗುತ್ತಾರೆ. ಮುಧೋಳದಂಥ ಊರಿನಲ್ಲಿ ನಾಲ್ಕು ಫೋನು ಸಾಕು, ಐದನೆಯದಕ್ಕೆ ನಾನೇ ಎತ್ತುತ್ತೇನೆ. ಅಷ್ಟೂ ಪುರುಸೊತ್ತು ಇಲ್ಲ ಅಂದರೆ ವಿಡಿಯೊದ ಒಂದು ಚಿತ್ರ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ. ಹಳೇ ವಿಡಿಯೊ ಆದರೆ ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ.

ಇಷ್ಟು ಓದಿ, ಮೊಬೈಲ್ ಹಿಡಿದ ಮಂದಿಯಿಂದಲೇ ಇದೆಲ್ಲ ಆಗುತ್ತಿದೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. 2019ರ ಅದೇ ವಾರದ ಇನ್ನೊಂದು ವಿಡಿಯೊ ಬಗ್ಗೆ ಹೇಳುತ್ತೇನೆ.

ಅದು 15 ಸೆಕೆಂಡಿನದು. ಹೈಸ್ಕೂಲ್ ಹುಡುಗನೊಬ್ಬ ತೋಟದ ಮನೆಯ ಮಾಳಿಗೆ ಮೇಲೆ ನಿಂತು ತೆಗೆದದ್ದು. ಸುತ್ತ ನೀರು. ಕೈ ನಡುಗುತ್ತಿದೆ. ಊರಿನ ಹೆಸರು ಹೇಳುವುದರೊಳಗೆ ವಿಡಿಯೊ ಮುಗಿದುಹೋಗಿದೆ. ಅದು ಹತ್ತಾರು ಗುಂಪುಗಳಲ್ಲಿ ಓಡಾಡಿತು, ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು. ಎಲ್ಲಿಯದು ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ತಾಲೂಕಿನಲ್ಲಿ ಆಗ ಒಬ್ಬರು ಬಿಡಿ ಸುದ್ದಿಗಾರರಿದ್ದರು. ಸುದ್ದಿಗೆ ಇಷ್ಟು ಅಂತ ದುಡ್ಡು, ಹಳೇ ಬೈಕು, ಸುತ್ತದ ಹಳ್ಳಿಯಿಲ್ಲ. ನನ್ನ ಅಂಗಡಿಯಲ್ಲೇ ಫೋನ್ ಚಾರ್ಜಿಗೆ ಹಾಕಿ ಕೂತಿದ್ದರು. ಆ ವಿಡಿಯೊವನ್ನು ನಾಲ್ಕೈದು ಸಲ ನೋಡಿದರು. ಒಂದು ಕಡೆ ನಿಲ್ಲಿಸಿ, ದೂರದಲ್ಲಿ ಕಾಣುತ್ತಿದ್ದ ನೀರಿನ ಟ್ಯಾಂಕಿಯ ಮೇಲೆ ಬೆರಳಿಟ್ಟರು. ಟ್ಯಾಂಕಿಯ ಸುತ್ತ ಗುಲಾಬಿ ಬಣ್ಣದ ಪಟ್ಟಿ. "ಈ ಬಣ್ಣ ಹಚ್ಚಿದ ದಿನ ನಾನ ಸುದ್ದಿ ಮಾಡೇನಿ" ಅಂದರು. ಆ ಊರಿನವರಿಗೆ ಫೋನ್ ಮಾಡಿದರು, ಯಾರ ತೋಟ ಅಂತ ಖಾತ್ರಿ ಮಾಡಿಕೊಂಡರು, ತಹಶೀಲ್ದಾರ್ ಕಚೇರಿಗೆ ತಿಳಿಸಿದರು. ಹೊತ್ತು ಮುಳುಗುವುದರೊಳಗೆ ಬೋಟು ಹೋಯಿತು. ಆರು ಜನ, ಎರಡು ಆಡು ಈಚೆಗೆ ಬಂದವು.

ಹುಡುಗ ವಿಡಿಯೊ ತೆಗೆಯದಿದ್ದರೆ ಅವರು ಅಲ್ಲಿದ್ದಾರೆ ಅಂತಲೇ ಹೊರಗೆ ಗೊತ್ತಾಗುತ್ತಿರಲಿಲ್ಲ. ಸುದ್ದಿಗಾರರಿಗೆ ಆ ಟ್ಯಾಂಕಿಯ ಗುರುತು ಇರದಿದ್ದರೆ ಬೋಟು ಯಾವ ದಿಕ್ಕಿಗೆ ಹೋಗಬೇಕಿತ್ತು? ನನ್ನ ಪತ್ರದ ತಿರುಳು ಇಷ್ಟೇ. ಕಣ್ಣು ಈಗ ಊರೂರಿಗೆ ಇದೆ. ಆದರೆ ನೋಡಿದ್ದು ಏನು, ಎಲ್ಲಿಯದು, ಯಾವಾಗಿನದು ಅಂತ ಬಲ್ಲವರನ್ನು ನೀವು ಒಬ್ಬೊಬ್ಬರನ್ನಾಗಿ ಬಿಟ್ಟುಬಿಡುತ್ತಿದ್ದೀರಿ.

ಆ ಸುದ್ದಿಗಾರರು ಈಗ ಸುದ್ದಿಯ ಕೆಲಸ ಬಿಟ್ಟಿದ್ದಾರೆ. ಸಕ್ಕರೆ ಕಾರ್ಖಾನೆಯ ತೂಕದ ಕಾಟಾದಲ್ಲಿ ಕೆಲಸ ಮಾಡುತ್ತಾರೆ. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಜನರೇ ವಿಡಿಯೊ ಕಳಿಸುತ್ತಾರಲ್ಲ, ಇನ್ನು ತಾಲೂಕಿಗೊಬ್ಬ ವರದಿಗಾರ ಯಾಕೆ ಅಂತ ಲೆಕ್ಕ ಹಾಕಿರಬೇಕು. ಆ ಲೆಕ್ಕ ತಪ್ಪು. ಬರುವ ವಿಡಿಯೊ ಜಾಸ್ತಿ ಆದಷ್ಟೂ ಅವುಗಳ ಗುರುತು ಹಿಡಿಯುವವರು ಜಾಸ್ತಿ ಬೇಕು.

ಊರು ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಮಳೆಗಾಲದ್ದೇ ಒಂದು ಉದಾಹರಣೆ ಕೊಡುತ್ತೇನೆ. ಮಹಾರಾಷ್ಟ್ರದ ಕೊಯ್ನಾದಿಂದ ನೀರು ಬಿಟ್ಟಿದ್ದಾರೆ ಅಂತ ಬಂದ ಕೂಡಲೇ ಮುಧೋಳಕ್ಕೆ ಆತಂಕ ಅಂತ ಹಾಕಿಬಿಡುತ್ತಾರೆ. ಕೊಯ್ನಾ ನೀರು ಕರಾಡದಲ್ಲಿ ಕೃಷ್ಣೆಗೆ ಸೇರುತ್ತದೆ. ಅದು ಚಿಕ್ಕೋಡಿ, ಅಥಣಿ, ಜಮಖಂಡಿ ಸೀಮೆಯಲ್ಲಿ ಹಾದು ಆಲಮಟ್ಟಿ ಕಡೆಗೆ ಹೋಗುತ್ತದೆ. ಮುಧೋಳ ಇರುವುದು ಘಟಪ್ರಭಾ ಮೇಲೆ. ನಮಗೆ ಹಿಡಕಲ್ ಏನು ಮಾಡುತ್ತದೆ ಅನ್ನೋದು ಮುಖ್ಯ. ಈ ಎರಡು ಹೊಳೆ ಸೇರುವುದು ನಮ್ಮನ್ನು ದಾಟಿಹೋದ ಮೇಲೆ, ಚಿಕ್ಕಸಂಗಮದಲ್ಲಿ. ಜಮಖಂಡಿಯವರು ಸಾಮಾನು ಕಟ್ಟಬೇಕಾದ ದಿನ ಮುಧೋಳದವರನ್ನು ಓಡಿಸಿದರೆ ಹೇಗೆ? ಇನ್ನು ಕ್ಯೂಸೆಕ್ ಲೆಕ್ಕ. ಒಂದು ಲಕ್ಷ ಕ್ಯೂಸೆಕ್ ಅಂತ ಕೆಂಪು ಅಕ್ಷರದಲ್ಲಿ ಬರೆಯುತ್ತಾರೆ. ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ ನೀರು. ಹಾಗೇ ಒಂದು ಇಡೀ ದಿನ ಹರಿದರೆ ಸುಮಾರು 8.6 ಟಿಎಂಸಿ ಆಗುತ್ತದೆ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಹಿಡಕಲ್ ಪೂರ್ತಿ ತುಂಬಿದರೆ ಹಿಡಿಯುವುದು 51 ಟಿಎಂಸಿ. ಹೀಗೆ ಹೇಳಿದರೆ ನಮ್ಮಂಥ ರೈತರಿಗೂ ಅಂದಾಜು ಸಿಗುತ್ತದೆ. ಮೋಟರ್ ಇವತ್ತೇ ಬಿಚ್ಚಬೇಕಾ, ನಾಳೆ ಬಿಚ್ಚಿದರೆ ನಡೆಯುತ್ತಾ ಅನ್ನೋದು ನಮಗೆ ಬೇಕಾದ ಸುದ್ದಿ. ಸೇತುವೆಗೆ ನೀರು ಬಡಿಯುವ ದೃಶ್ಯವನ್ನು ಹತ್ತು ಸಲ ತೋರಿಸಿದರೆ ಅದು ತಿಳಿಯೋದಿಲ್ಲ.

ಜನ ತೆಗೆದ ವಿಡಿಯೊದ ಬೆಲೆ ಎಷ್ಟು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ಮನುಷ್ಯ ಪೊಲೀಸನ ಮೊಣಕಾಲಿನ ಕೆಳಗೆ ಸಿಕ್ಕಿ ಸತ್ತಾಗ ಪೊಲೀಸರ ಮೊದಲ ಹೇಳಿಕೆಯಲ್ಲಿ ಅದು ಆರೋಗ್ಯ ಕೆಟ್ಟು ಆದ ಸಾವು ಅನ್ನೋ ಹಾಗೆ ಇತ್ತು. ಡಾರ್ನೆಲ್ಲಾ ಫ್ರೇಜಿಯರ್ ಅನ್ನೋ 17 ವರ್ಷದ ಹುಡುಗಿ ರಸ್ತೆ ಬದಿ ನಿಂತು ತೆಗೆದ ವಿಡಿಯೊ ಹೊರಗೆ ಬಂದಮೇಲೆ ಆ ಹೇಳಿಕೆ ನಿಲ್ಲಲಿಲ್ಲ. ಮರುವರ್ಷ ಪುಲಿಟ್ಜರ್ ಮಂಡಳಿ ಆ ಹುಡುಗಿಯನ್ನು ವಿಶೇಷವಾಗಿ ಗೌರವಿಸಿತು. ಪತ್ರಿಕೋದ್ಯಮದ ಅಷ್ಟು ದೊಡ್ಡ ಗೌರವ ಫೋನ್ ಹಿಡಿದ ಒಂದು ಮಗುವಿಗೆ ಸಿಕ್ಕಿದ್ದು ನೋಡಿ ನನಗೆ ನಮ್ಮ ಮಾಳಿಗೆ ಮೇಲಿನ ಹುಡುಗ ನೆನಪಾದ. ಆದರೆ ಆ ವಿಡಿಯೊ ಅಷ್ಟು ಗಟ್ಟಿ ನಿಂತದ್ದು ಯಾಕೆ ಅಂತಲೂ ನೋಡಿ. ಒಂಬತ್ತು ನಿಮಿಷಕ್ಕೂ ಜಾಸ್ತಿ, ನಡುವೆ ಕತ್ತರಿಸದೆ ತೆಗೆದದ್ದು. ಯಾರು ತೆಗೆದರು, ಎಲ್ಲಿ ನಿಂತು ತೆಗೆದರು ಅನ್ನೋದು ಎಲ್ಲರಿಗೂ ಗೊತ್ತು. ಆಮೇಲೆ ಆ ಹುಡುಗಿ ನ್ಯಾಯಾಲಯಕ್ಕೂ ಬಂದು ಸಾಕ್ಷಿ ಹೇಳಿದಳು.

ಇದರ ಇನ್ನೊಂದು ತುದಿ ನಮ್ಮ ರಾಜ್ಯದಲ್ಲೇ ಇದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನು ಮಕ್ಕಳ ಕಳ್ಳ ಅಂತ ಹೊಡೆದು ಕೊಂದರು. ಅವನ ಜೊತೆಗಿದ್ದವರು ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು, ಅಷ್ಟೇ. ಆ ವರ್ಷ ದೇಶದ ತುಂಬ ಮಕ್ಕಳ ಕಳ್ಳರ ವಿಡಿಯೊಗಳು ಓಡಾಡುತ್ತಿದ್ದವು. ಅದರಲ್ಲಿ ಒಂದು ನಮ್ಮ ದೇಶದ್ದೇ ಅಲ್ಲ, ಪಾಕಿಸ್ತಾನದ ಕರಾಚಿಯದು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಮಕ್ಕಳ ಮೇಲೆ ನಿಗಾ ಇಡಿ ಅಂತ ಜನರಿಗೆ ಹೇಳಲು ಮಾಡಿದ ಜಾಹೀರಾತು ಅದು. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದು ಬಿಟ್ಟು ಒಂದು ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹಾಕಿದ್ದರು. ಇದನ್ನು ಓದಿದ ದಿನ ನನಗೆ ಕೈ ತಣ್ಣಗಾಯಿತು. ನಮ್ಮ ಕಾಕಾನ "ಅಂಜಬ್ಯಾಡ್ರಿ" ಅನ್ನೋ ಮಾತೂ ವಿಡಿಯೊದ ಕೊನೆಯಲ್ಲೇ ಇತ್ತು.

ಅದಾದ ಮೇಲೆ ವಾಟ್ಸಾಪ್‌ನವರು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಹಾಗೆ ಮಾಡಿದರು. 2020ರಲ್ಲಿ, ಬಹಳ ಸಲ ದಾಟಿ ಬಂದದ್ದನ್ನು ಒಮ್ಮೆಗೆ ಒಂದೇ ಕಡೆಗೆ ಅಂತ ಬಿಗಿ ಮಾಡಿದರು. ಒಳ್ಳೇದೇ. ಆದರೆ ಗುಂಪಿನಲ್ಲಿ ಬಂದದ್ದನ್ನು ಜನ ಅನುಮಾನದಿಂದ ನೋಡುತ್ತಾರೆ, "ಖರೇನ ಏನು?" ಅಂತ ಒಬ್ಬರಾದರೂ ಕೇಳುತ್ತಾರೆ. ಅದೇ ವಿಡಿಯೊಗೆ ನಿಮ್ಮ ಮುದ್ರೆ ಬಿದ್ದಮೇಲೆ ಆ ಪ್ರಶ್ನೆ ನಿಂತುಹೋಗುತ್ತದೆ. "ಟಿವಿಯಾಗ ಬಂದೇತಿ" ಅಂದರೆ ಮುಗೀತು. ನಿಮ್ಮ ಹೆಸರಿಗೆ ಇವತ್ತಿಗೂ ಅಷ್ಟು ತೂಕ ಇದೆ. ಆ ತೂಕ ಹೋಗಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ಕೂತಿದ್ದರಲ್ಲ, ಆಗ ನಾನೂ ಹೋಗಿದ್ದೆ. ರೈತರ ಮಕ್ಕಳು ಫೋನನ್ನು ಟ್ರ್ಯಾಕ್ಟರಿನ ಬಾನೆಟ್ ಮೇಲೆ ಇಟ್ಟು ಲೈವ್ ಮಾಡುತ್ತಿದ್ದರು. ರೊಟ್ಟಿ ಬುತ್ತಿ ಬಿಚ್ಚಿದ್ದು, ಹಿರಿಯರು ರಸ್ತೆಯಲ್ಲೇ ಕಂಬಳಿ ಹೊದ್ದು ಮಲಗಿದ್ದು, ಮಾತುಕತೆ ಮುರಿದದ್ದು, ಎಲ್ಲ ಮನೆಯಲ್ಲಿ ಕೂತವರಿಗೂ ಕಾಣುತ್ತಿತ್ತು. ಯಾರೂ ಮುಚ್ಚಿಡಲು ಆಗಲಿಲ್ಲ. ಕೊನೆಗೆ ಸರ್ಕಾರ 3,300 ಅಂತ ಹೇಳಿತು. ಆ ದಿನಗಳಲ್ಲಿ ಈ ಹುಡುಗರು ಮಾಡಿದ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ. ಆಮೇಲೆ ನಮ್ಮ ಕಡೆ ಕಬ್ಬು ತುಂಬಿದ ಟ್ರಾಲಿಗಳಿಗೆ ಬೆಂಕಿ ಬಿತ್ತು. ಆ ರಾತ್ರಿ ನನ್ನ ಫೋನಿಗೆ ಒಂದೇ ಬೆಂಕಿಯ ಹನ್ನೊಂದು ವಿಡಿಯೊ ಬಂದವು. ಯಾವುದು ಮೊದಲಿನದು, ಯಾವುದು ಆಮೇಲಿನದು ಗೊತ್ತಿಲ್ಲ. ಒಂದನ್ನು ನೋಡಿದರೆ ಇವರು ಹಚ್ಚಿದರು ಅನ್ನಿಸುತ್ತಿತ್ತು, ಇನ್ನೊಂದನ್ನು ನೋಡಿದರೆ ಬೇರೆ ಯಾರೋ. ಅಂಥ ಹೊತ್ತಿನಲ್ಲಿ ನಮಗೆ ನೀವು ಬೇಕು. ಹನ್ನೊಂದು ಜನರನ್ನೂ ಹುಡುಕಿ, ನೀನು ಎಷ್ಟು ಗಂಟೆಗೆ ತೆಗೆದೆ, ಎಲ್ಲಿ ನಿಂತಿದ್ದೆ, ಅದಕ್ಕೂ ಮುಂಚೆ ಏನು ನೋಡಿದೆ ಅಂತ ಕೇಳಿ, ಸಾಲಾಗಿ ಜೋಡಿಸಿ ಹೇಳುವವರು ಬೇಕು. ಅದರ ಬದಲು ಹನ್ನೆರಡನೆಯ ಗುಂಪಿನ ಹಾಗೆ ನೀವೂ ಒಂದು ತುಣುಕು ಎತ್ತಿ ಹಾಕಿದರೆ ನಾವು ಯಾರನ್ನು ಕೇಳಬೇಕು?

ನ್ಯಾಯಾಲಯ ಈ ಪ್ರಶ್ನೆಗಳನ್ನು ಕೇಳಿಯೇ ಕೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಮೊಬೈಲ್ ವಿಡಿಯೊ ಸಾಕ್ಷ್ಯ ಆಗಬೇಕಾದರೆ ಜೊತೆಗೆ ಒಂದು ಪ್ರಮಾಣಪತ್ರ ಬೇಕು. ಯಾವ ಸಾಧನದಿಂದ ಬಂದದ್ದು ಅಂತ ಬರೆಯಬೇಕು. ಫೈಲಿನ ಹ್ಯಾಶ್ ಅಂತ ಒಂದು ಗುರುತು ಸಂಖ್ಯೆಯನ್ನೂ ಕೊಡಬೇಕು. ಫೈಲಿನಲ್ಲಿ ಒಂದು ಚೂರು ಬದಲಾದರೂ ಆ ಸಂಖ್ಯೆ ಬದಲಾಗಿಬಿಡುತ್ತದೆ. ನೀವು ಇಷ್ಟೆಲ್ಲ ಮಾಡಬೇಕು ಅಂತ ನಾನು ಕೇಳುತ್ತಿಲ್ಲ. ಒಬ್ಬ ಮನುಷ್ಯನ ತಪ್ಪು ಒಪ್ಪು ತೀರ್ಮಾನ ಮಾಡಲು ಯಾರು, ಎಲ್ಲಿ, ಯಾವಾಗ ಅಂತ ಕೇಳುವುದಾದರೆ, ಇಡೀ ತಾಲೂಕನ್ನು ಗಾಬರಿ ಮಾಡುವ ಮುಂಚೆಯೂ ಅಷ್ಟು ಕೇಳಬೇಕು, ಅಲ್ವಾ?

ಅದೇ ಜುಲೈ 1 ನಿಮ್ಮ ಪತ್ರಿಕಾ ದಿನವೂ ಹೌದು. 1843ರಲ್ಲಿ ಆ ದಿನ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದರು. ಪ್ರತಿ ವರ್ಷ ತಾಲೂಕಿನಲ್ಲೂ ಕಾರ್ಯಕ್ರಮ ಆಗುತ್ತದೆ, ಶಾಲು ಹೊದಿಸುತ್ತಾರೆ, ಭಾಷಣ ಆಗುತ್ತವೆ. ಈ ಸಲ ವೇದಿಕೆ ಮೇಲೆ ಈ ಮಾತು ಬರಲಿ ಅಂತ ನನ್ನ ಆಸೆ. ಜುಲೈ ಅಂದರೆ ನಮ್ಮ ಕಡೆ ಹೊಳೆ ಏರುವ ಕಾಲವೂ ಹೌದು.

ನಾನು ದುಡ್ಡು ಕೇಳುತ್ತಿಲ್ಲ. ಸುದ್ದಿಗೆ ಬಳಸಿಕೊಳ್ಳಲು ಕಾಪಿರೈಟ್ ಕಾನೂನು ನಿಮಗೆ ಸ್ವಲ್ಪ ಅವಕಾಶ ಕೊಟ್ಟಿದೆ ಅನ್ನೋದೂ ಗೊತ್ತು. ಆದರೆ ನಿಮ್ಮ ಮುದ್ರೆಯನ್ನು ಹಾಕುವ ಜಾಗದಲ್ಲೇ ವಿಡಿಯೊ ಯಾವಾಗಿನದು ಅಂತ ಒಂದು ಸಾಲು ಹಾಕಬಹುದು. ಮುದ್ರೆ ಎಲ್ಲಿಗೆ ಹೋದರೂ ಜೊತೆಗೆ ತಾರೀಕೂ ಹೋಗುತ್ತದೆ. 2019ರಲ್ಲಿ ನೀವು 'ಆಗಸ್ಟ್ 2019, ಯಾದವಾಡ ರಸ್ತೆ, ಮುಧೋಳ' ಅಂತ ಅಷ್ಟು ಬರೆದಿದ್ದರೆ ಆ ಹಿರಿಯರು ಅವತ್ತು ಡಯಾಲಿಸಿಸ್‌ಗೆ ಬಂದಿರುತ್ತಿದ್ದರು. ಹಳೇ ದೃಶ್ಯ ಹಾಕಬೇಕಾದರೆ ಹಾಕಿ, ಹಳೇದು ಅಂತ ಹೇಳಿ. ತೆಗೆದವರು ಮಾತಾಡಿದ್ದರೆ ಆ ಮಾತು ಇರಲಿ, ಅದರ ಮೇಲೆ ಸಂಗೀತ ಬೇಡ. ತಪ್ಪಾದರೆ, ತಪ್ಪು ಎಲ್ಲಿ ಆಯಿತೋ ಅಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹೇಳಿ. ತಾಲೂಕಿಗೆ ಒಬ್ಬರನ್ನಾದರೂ ಇಟ್ಟುಕೊಳ್ಳಿ, ಅವರಿಗೆ ಬದುಕುವಷ್ಟು ಸಂಬಳ ಕೊಡಿ. ಈಗ ಕಂಪ್ಯೂಟರೇ ವಿಡಿಯೊ ಹುಟ್ಟಿಸುವ ಕಾಲ ಬಂದಿದೆ. ಬೀದಿಯಲ್ಲಿ ಮೊಸಳೆ ನಡೆದಾಡುವ ವಿಡಿಯೊವನ್ನು ಯಾರು ಬೇಕಾದರೂ ಕೂತಲ್ಲೇ ಮಾಡಬಹುದು. ಮೊಸಳೆ ಬಂದದ್ದು ಖರೆಯೋ ಸುಳ್ಳೋ ಅಂತ ಆ ಬೀದಿಯವರಿಗೆ ಗೊತ್ತಿರುತ್ತದೆ. ಆ ಬೀದಿಯವರ ನಂಬರ್ ನಿಮ್ಮ ಹತ್ತಿರ ಇರಬೇಕು.

ನಮ್ಮ ಪಾಲಿನದನ್ನು ನಾವೂ ಮಾಡುತ್ತೇವೆ. ನನ್ನ ಅಂಗಡಿ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇನೆ. ವಿಡಿಯೊ ತೆಗೆಯುವಾಗ ಊರು, ತಾರೀಕು, ಹೊತ್ತು ಬಾಯಲ್ಲಿ ಹೇಳಿ. ಫೋನು ಅಡ್ಡ ಹಿಡಿದು ಸುತ್ತಲಿನ ಗುರುತು ತೋರಿಸಿ. ಮೂಲ ಫೈಲು ಅಳಿಸಬೇಡಿ. ಹೆಣ, ಗಾಯ, ಅಳುವ ಹೆಣ್ಣುಮಕ್ಕಳು, ಸಣ್ಣ ಮಕ್ಕಳ ಮುಖ ಹಂಚಬೇಡಿ. ಅದಕ್ಕಿಂತ ಮೊದಲು, ಕೈ ಕೊಡುವ ಹೊತ್ತಿನಲ್ಲಿ ಫೋನು ಜೇಬಿಗೆ ಹಾಕಿ. ರಸ್ತೆಯಲ್ಲಿ ಬಿದ್ದವರಿಗೆ ಸಹಾಯ ಮಾಡಿದವರಿಗೆ ಕಾನೂನಿನ ರಕ್ಷಣೆ ಇದೆ, 2019ರ ಮೋಟಾರು ವಾಹನ ತಿದ್ದುಪಡಿಯಲ್ಲೇ ಅದು ಬಂದಿದೆ. ಇದನ್ನು ಹೇಳಿದರೆ ಎಷ್ಟೋ ಹುಡುಗರು ಹೌದೇನ್ರಿ ಅಂತಾರೆ. ಪೊಲೀಸ್ ಲಫಡಾ ಬೇಡ ಅಂತ ದೂರ ನಿಂತು ತೆಗೆಯುತ್ತಿದ್ದವರು ಅವರು.

ಇನ್ನೊಂದು ವಿಷಯ. ನಮ್ಮ ಕಾಕಾ 2022ರಲ್ಲಿ ತೀರಿಕೊಂಡ. ಫೋಟೊಗಳಿವೆ, ಆದರೆ ಅವನು ಮಾತಾಡಿದ್ದು ನಮ್ಮ ಹತ್ತಿರ ಇರುವುದು ಆ ವಿಡಿಯೊದಲ್ಲಿ ಮಾತ್ರ. ಮಳೆಗಾಲದಲ್ಲಿ ಟಿವಿಯಲ್ಲಿ ಆ ಸೇತುವೆ ಬಂದರೆ ಕಾಕು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನಿಲ್ಲುತ್ತಾಳೆ. ಬಣವಿ ಬರುತ್ತದೆ, ಸೇತುವೆಗೆ ಬಡಿಯುತ್ತದೆ, ಎರಡು ಹೋಳಾಗುತ್ತದೆ. ಅಲ್ಲಿಗೆ ನೀವು ಮುಂದಿನ ಸುದ್ದಿಗೆ ಹೋಗುತ್ತೀರಿ.

ಪೂರ್ತಿ 52 ಸೆಕೆಂಡಿನ ಫೈಲು ನನ್ನ ಹತ್ತಿರ ಹಾಗೇ ಇದೆ, ತಾರೀಕು, ಜಾಗದ ಸಮೇತ. ಈ ವರ್ಷ ಅದು ಬೇಕು ಅನ್ನಿಸಿದರೆ ಒಂದು ಫೋನ್ ಮಾಡಿ. ಮುಧೋಳದಲ್ಲಿ ಯಾವ ಮೊಬೈಲ್ ಅಂಗಡಿಯವರನ್ನು ಕೇಳಿದರೂ ನನ್ನ ನಂಬರ್ ಕೊಡುತ್ತಾರೆ. ಡಾಕ್ಯುಮೆಂಟ್ ಮಾಡಿ ಕಳಿಸುತ್ತೇನೆ. 2019ರ ಆಗಸ್ಟ್ ಅಂತ ಬರೆಯಿರಿ. ಕಾಕಾ ಮಾತು ಮುಗಿಸುವವರೆಗೂ ಬಿಡಿ.

ಇಂತಿ ನಿಮ್ಮ,
ಮುಧೋಳದ ಒಬ್ಬ ಮೊಬೈಲ್ ರಿಪೇರಿಯವ